ಹಗುರ ಮೊನೆ

ನೆಲಕ್ಕೆ ಉದುರಿದ್ದ ಬಾಣ ಕೈಗೆ ಬಂದ ಕ್ಷಣವೇ ಮಾರ್ಲಾಳಿಗೆ ಗೊತ್ತಾಯಿತು, ಏನೋ ಎಡವಟ್ಟಾಗಿದೆ ಎಂದು. ಕಡ್ಡಿ ತನ್ನದೇ. ತಾನೇ ಉಜ್ಜಿ ಎಣ್ಣೆ ಹಚ್ಚಿದ ದೇವದಾರು ಕಡ್ಡಿ, ತಾನೇ ಅಂಟಿಸಿದ ಟರ್ಕಿ ಕೋಳಿಯ ಗರಿ. ಆದರೆ ಮೊನೆಯ ಕಡೆ ತೂಕವೇ ಇರಲಿಲ್ಲ. ಕೈಗವಸು ಕಿತ್ತೆಸೆದು, ತಾನು ಯಾವಾಗಲೂ ಬೆರಳಿಡುವ ಜಾಗದಲ್ಲೇ ಇಟ್ಟು ತೂಗಿದಳು. ಬಾಣ ಗರಿಯ ಕಡೆಗೆ ವಾಲಿತು. ಅಲಗಿಗೆ ರಕ್ತ ಹತ್ತಿದ್ದು ಎರಡು ಬೆರಳಿನಗಲವೂ ಇಲ್ಲ.

ಹಿಂದಿನಿಂದ ಅವಳ ಗಂಡ ಗ್ಯಾರೆಟ್ ಏದುಸಿರು ಬಿಡುತ್ತಾ ಪೈನ್ ಮರಗಳ ನಡುವೆ ಹತ್ತಿ ಬಂದ.

"ಸಿಕ್ತಾ? ರಕ್ತ ಹೇಗಿದೆ?"

"ಮೊನೆ ಯಾರು ಬದಲಾಯಿಸಿದ್ದು?"

"ಯಾವ ಮೊನೆ?"

"ನನ್ ಹತ್ರ ನಾಟಕ ಆಡ್ಬೇಡ ಗ್ಯಾರೆಟ್."

ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. "ನಿನ್ನೆ ನೀನು ನೀರು ತರಕ್ಕೆ ಹೋಗಿದ್ದಾಗ, ಒಲೆ ಮೇಲೆ ಅಂಟು ಕರಗಿಸಿ ಎಲ್ಲಾ ಮೊನೆ ತೆಗ್ದು ಬೇರೇದು ಅಂಟಿಸ್ದೆ. ಆಕಾರ ಅದೇ ಕಣೇ, ತೂಕ ಸ್ವಲ್ಪ ಕಮ್ಮಿ ಅಷ್ಟೆ. ನಿನ್ ಒಳ್ಳೇದಕ್ಕೇ ಮಾಡಿದ್ದು."

ಒಳ್ಳೆಯದಕ್ಕಂತೆ! ಎರಡು ವರ್ಷದ ಹಿಂದೆ ಕುದುರೆಯಿಂದ ಬಿದ್ದು ಮಾರ್ಲಾಳ ಭುಜ ಮುರಿದಿತ್ತು. ಮೊದಲಿನ ಗಟ್ಟಿ ಬಿಲ್ಲನ್ನು ಎಳೆಯಲಾಗದೆ ಮೆತ್ತನೆಯ ಬಿಲ್ಲಿಗೆ ಇಳಿದಳು. ಬಿಲ್ಲು ಮೆತ್ತಗಾದ ಮೇಲೆ ಬಾಣವೂ ಹಗುರ ಇರಲಿ, ದೂರ ಹೋಗುತ್ತದೆ ಎಂದು ಬಿಲ್ಗಾರರ ಸಂಘದ ಗಂಡಸರೆಲ್ಲ ಕಾಫಿ ಹೀರುತ್ತಾ ಉಪದೇಶ ಮಾಡಿದ್ದೇ ಮಾಡಿದ್ದು. ಇವಳು ಸೊಪ್ಪು ಹಾಕಲಿಲ್ಲ. ದೂರ ಯಾರಿಗೆ ಬೇಕು, ನಾನು ಹತ್ತಿರ ಹೋಗುತ್ತೇನೆ, ಭಾರದ ಬಾಣ ನಿಧಾನವಾಗಿ ಹೋದರೂ ಪಕ್ಕೆಲುಬು ದಾಟಿ ಒಳಗಿಳಿಯುತ್ತದೆ ಎಂದಳು. ಬೇಸಿಗೆಯಿಡೀ ಲಾಯದ ಹಿಂದೆ ಹುಲ್ಲಿನ ಪಿಂಡಿಗೆ ಹೊಡೆದು ಹೊಡೆದು, ಆ ಬಾಣ ಎಲ್ಲಿ ಎಷ್ಟು ತಗ್ಗುತ್ತದೆ ಎಂಬುದನ್ನು ಕಣ್ಣಿಗೆ ಕಲಿಸಿದ್ದಳು.

ಆ ಕಣ್ಣೇ ಇವತ್ತು ಮೋಸ ಹೋಯಿತು. ದೊಡ್ಡ ಕೊಂಬಿನ ಗಂಡು ಎಲ್ಕ್ ಜಿಂಕೆ, ಕಲ್ಲೆಸೆಯುವಷ್ಟು ಹತ್ತಿರ, ಪಕ್ಕೆ ತೋರಿಸಿಕೊಂಡು ನಿಂತಿತ್ತು. ಕೈಯಲ್ಲಿ ದಪ್ಪನೆಯ ಗವಸು, ಎದೆಯಲ್ಲಿ ಡವಡವ. ಬಾಣ ತೂಗಿ ನೋಡಲು ಆಗ ಯಾರಿಗೆ ಪುರುಸೊತ್ತು? ಬಿಟ್ಟ ಬಾಣ ಬಾಲ ಅಲ್ಲಾಡಿಸುತ್ತಾ ಹೋಯಿತು. ತಗ್ಗಬೇಕಾದಲ್ಲಿ ತಗ್ಗದೆ ಪಕ್ಕೆಯ ಬದಲು ಬೆನ್ನಿನ ಮೇಲ್ಗಡೆ ನಾಟಿತು. ಪ್ರಾಣಿ ಬಾಣವನ್ನು ಹೊತ್ತುಕೊಂಡೇ ಓಡಿ, ಇಲ್ಲಿ ಉದುರಿಸಿಕೊಂಡು ಹೋಗಿತ್ತು.

"ನನ್ನ ಒಂದ್ ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿನಗೆ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ."

"ಹಾಂ! ಅದಕ್ಕೇ ಕದ್ದು ಮಾಡ್ದೆ!"

ಇಬ್ಬರೂ ಬಗ್ಗಿ ರಕ್ತ ಹುಡುಕುತ್ತಾ ಹೊರಟರು. ಎಲೆಯ ಮೇಲೊಂದು ಹನಿ, ಕಲ್ಲಿನ ಮೇಲೊಂದು ಹನಿ, ತೊರೆಯ ದಡಕ್ಕೆ ಬರುವಷ್ಟರಲ್ಲಿ ಅದೂ ಇಲ್ಲ. ಮಾರ್ಲಾ ಪೊದೆಗಳನ್ನು ಸರಿಸಿ ಸರಿಸಿ ನೋಡಿದಳು. ಯಾವ ಪೊದೆಯಲ್ಲಿ ಬಿದ್ದು ನರಳುತ್ತಿದೆಯೋ, ರಾತ್ರಿ ತೋಳಗಳ ಬಾಯಿಗೆ ಬೀಳುತ್ತದೋ ಏನೋ.

ಆಗ ತೊರೆಯ ಆಚೆಯ ಇಳಿಜಾರಿನಿಂದ ಕೂಗು ಕೇಳಿತು. ಹೆಣ್ಣುಗಳನ್ನು ಕರೆಯುವ ಗಂಡಿನ ಕೂಗು. ಗ್ಯಾರೆಟ್ ದುರ್ಬೀನು ಎತ್ತಿದ. "ಅದೇ! ಅದೇ ಕಣೇ! ಬೆನ್ನ ಮೇಲೆ ರಕ್ತ ಹೆಪ್ಪುಗಟ್ಟಿದೆ ನೋಡು. ರಾಜನ ಥರ ನಿಂತಿದೆ. ಏನೂ ಆಗಿಲ್ಲ! ಗಾಳಿನೂ ಈ ಕಡೆಗೇ ಇದೆ, ಸುತ್ತು ಹಾಕಿ ಹೋಗಿ ಇನ್ನೊಂದು ಬಿಡು."

ಮಾರ್ಲಾ ದುರ್ಬೀನಿನಲ್ಲಿ ನೋಡಿದಳು. ಬದುಕಿತ್ತು. ಸಮಾಧಾನದ ಹಿಂದೆಯೇ ಸಿಟ್ಟು ಇಮ್ಮಡಿಯಾಗಿ ಉಕ್ಕಿ ಬಂತು. ಒಳಜೇಬಿನಿಂದ ಬೇಟೆಯ ಪರವಾನಗಿ ಚೀಟಿ ತೆಗೆದಳು. ಒಂದು ಚೀಟಿಗೆ ಒಂದು ಪ್ರಾಣಿ; ಅಂಚು ಕೊಯ್ದರೆ ಆ ವರ್ಷದ ಬೇಟೆ ಮುಗಿಯಿತು. ಗಾಯಗೊಂಡು ತಪ್ಪಿಸಿಕೊಂಡದ್ದಕ್ಕೂ ಕೊಯ್ಯಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಮಾರ್ಲಾಳ ಅಪ್ಪ ಕೊಯ್ಯುತ್ತಿದ್ದ. ಅವಳೂ ಚಾಕು ಬಿಚ್ಚಿ ಕೊಯ್ದಳು.

"ಹುಚ್ಚು ಹಿಡೀತಾ ನಿನಗೆ? ಬದುಕಿದೆ ಅದು! ಏನೂ ಆಗಿಲ್ಲ ಅಂತಿದೀನಲ್ಲ!"

"ಏನೂ ಆಗಿಲ್ವಾ? ತಲೆ ಬಾಚ್ಕೊಳ್ಳಕ್ಕೆ ಕೈ ಎತ್ತಕ್ಕಾಗ್ದೆ ಅಳ್ತಿದ್ದೆನಲ್ಲ, ಪಕ್ಕದಲ್ಲೇ ಇದ್ದೆ ನೀನು. ಎರಡು ವರ್ಷ ಗ್ಯಾರೆಟ್, ಇವತ್ತಿನ ಒಂದ್ ಬಾಣಕ್ಕೋಸ್ಕರ! ಅದನ್ನ ನನ್ ಕೈಯಿಂದ ಕಿತ್ಕೊಂಡು ಏನೂ ಆಗಿಲ್ಲ ಅಂತೀಯಲ್ಲ, ನಾಚ್ಕೆ ಆಗಲ್ವಾ?"

"ತಪ್ಪಾಯ್ತು ಅಂದ್ನಲ್ಲ."

"ಇನ್ನೂ ಅಂದಿಲ್ಲ."

ಅವಳು ಕೊಯ್ದ ಚೀಟಿಯನ್ನು ಒಳಜೇಬಿಗೆ ಸೇರಿಸಿದಳು.

"ನನ್ನ ಮೊನೆಗಳೆಲ್ಲಿ?"

ಗ್ಯಾರೆಟ್ ಕೋಟಿನ ಜೇಬಿಗೆ ಕೈ ಹಾಕಿ, ಚರ್ಮದ ತುಂಡಿನಲ್ಲಿ ಸುತ್ತಿದ್ದ ಗಂಟೊಂದನ್ನು ತೆಗೆದ. "ಡೇರೇಲಿ ಬಿಟ್ರೆ ನಿನ್ ಕಣ್ಣಿಗೆ ಬೀಳುತ್ತೆ ಅಂತ..."

"ಬೆಟ್ಟದುದ್ದಕ್ಕೂ ನಿನ್ ಜೇಬಲ್ಲೇ ಇತ್ತಾ?"

ಅವಳು ಅಂಗೈ ಚಾಚಿದಳು. ಅವನು ಗಂಟು ಬಿಚ್ಚಿ ಒಂದೊಂದೇ ಮೊನೆಯನ್ನು ಅದರ ಮೇಲಿಟ್ಟ. ಅವನ ಮೈಶಾಖಕ್ಕೆ ಉಕ್ಕು ಬೆಚ್ಚಗಾಗಿತ್ತು. ಕೊನೆಯದನ್ನಿಟ್ಟಾಗ ಅವಳ ಮುರಿದ ಭುಜ ಆ ಭಾರಕ್ಕೆ ಸಣ್ಣಗೆ ನಡುಗತೊಡಗಿತು. ಆದರೂ ಅವಳು ಕೈ ಇಳಿಸಲಿಲ್ಲ, ಮುಷ್ಟಿ ಮುಚ್ಚಲಿಲ್ಲ. ಅವನು ನೋಡಲಿ ಎಂದು ಹಾಗೆಯೇ ಹಿಡಿದು ನಿಂತಳು.

ಗ್ಯಾರೆಟ್ ತೊರೆಯ ಆಚೆ ನಿಂತಿದ್ದ ಎಲ್ಕನ್ನು ನೋಡುತ್ತಿದ್ದ.