ಗಾಡಿ ಮೊದಲು ಆಸ್ಪತ್ರೆಗೆ

"ಬಾಗಿಲು ತೆಗೀತೀಯೋ, ಒಡೆಸ್ಲೋ?"

ಅಕ್ಕ ಬಚ್ಚಲುಮನೆಯ ಬಾಗಿಲನ್ನು ಅಂಗೈಯಿಂದ ಮತ್ತೆ ಬಡಿದಳು. ಒಳಗೆ ನಲ್ಲಿ ಸುರಿಯುತ್ತಲೇ ಇತ್ತು. ಹಜಾರದಲ್ಲಿ ಅಪ್ಪನ ಹೆಣ. ಸುತ್ತ ಬಾಡಿಗೆ ಕುರ್ಚಿಗಳಲ್ಲಿ ಕೂತವರೆಲ್ಲ ಮುಖ ಅತ್ತ ಮಾಡಿ ಕಿವಿ ಇತ್ತ ಕೊಟ್ಟಿದ್ದರು.

"ಊರಿನ ಬೀಗವನ್ನೆಲ್ಲ ತೆಗೆದವನ ಮನೆ. ಒಂದು ಚಿಲಕ ತೆಗೆಯೋಕೆ ಜನ ಇಲ್ಲ," ಎಂದರು ಸೋದರತ್ತೆ. ಹಿಂದಿನ ದಿನ ಅವರ ಅಣ್ಣ ಬೀಗದ ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕುಸಿದಾಗಿನಿಂದ ಅತ್ತು ಅತ್ತು ಅವರ ಗಂಟಲು ಕಟ್ಟಿತ್ತು. ಮಾತು ಮಾತ್ರ ಕಟ್ಟಿರಲಿಲ್ಲ.

ಚಿಲಕ ಸರಿಯಿತು. ತಂಗಿ ಹೊರಗೆ ಬಂದಳು. ಆ ಸೆಕೆಯಲ್ಲೂ ಮೈಮೇಲೆ ಸ್ವೆಟರ್. ಮೂಗು ಸೋರುತ್ತಿತ್ತು.

"ತಗೊಂಡ್ಯಾ?"

"ತಗೊಂಡಿದ್ರೆ ಹೀಗಿರ್ತಿದ್ನಾ?"

ಅಕ್ಕ ಅವಳನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. "ಅಪ್ಪನ ಫೋನಿಗೆ ಆಸ್ಪತ್ರೆಯಿಂದ ಕರೆ ಬಂತು. ಹಾಸಿಗೆ ಖಾಲಿಯಾಗಿದೆಯಂತೆ. ಎರಡು ಗಂಟೆಯೊಳಗೆ ಬರದಿದ್ರೆ ಬೇರೆಯವರಿಗೆ ಕೊಟ್ಬಿಡ್ತಾರಂತೆ."

"ಇವತ್ತಾ?"

"ಇವತ್ತೇ. ಇಷ್ಟು ತಿಂಗಳು ಕಾಯಿಸಿ, ಇವತ್ತೇ ಖಾಲಿಯಾಗ್ಬೇಕಿತ್ತು ನೋಡು."

"ಅಪ್ಪನ್ನ ಕಳಿಸಿಕೊಟ್ಟು ನಾಳೆ ಹೋಗ್ತೀನಿ ಅಕ್ಕ."

"ನಿನ್ನ ನಾಳೆಗಳನ್ನ ಕೇಳಿ ಕೇಳಿ ಸಾಕಾಗಿದೆ ನಂಗೆ."

"ಅಪ್ಪನ್ನ ಬಿಟ್ಟು ಹೋಗಲ್ಲ," ಎಂದಳು ತಂಗಿ, ಒಲೆಯ ಕಟ್ಟೆಗೆ ಒರಗಿ ಕೆಳಗೆ ಕೂರುತ್ತ.

*

ಅಪ್ಪ ಬಸ್ ನಿಲ್ದಾಣದ ಪಕ್ಕದ ಪೆಟ್ಟಿಗೆ ಅಂಗಡಿಯಲ್ಲಿ ಬೀಗ ರಿಪೇರಿ ಮಾಡುತ್ತಿದ್ದರು. ಕಿರಿಮಗಳು ನರ್ಸ್. ಒಮ್ಮೆ ರೋಗಿಯನ್ನು ಎತ್ತುವಾಗ ಅವಳ ಸೊಂಟ ಹಿಡಿದುಕೊಂಡಿತು. ನೋವಿಗೆಂದು ಶುರುವಾದ ಇಂಜೆಕ್ಷನ್ ನೋವು ಹೋದ ಮೇಲೂ ಬಿಡಲಿಲ್ಲ. ಔಷಧಿ ಕಪಾಟಿನಲ್ಲಿ ಲೆಕ್ಕ ತಪ್ಪಿದಾಗ ಕೆಲಸ ಹೋಯಿತು.

ಅಪ್ಪ ಮೊದಲು ತಮಗೆ ಗೊತ್ತಿದ್ದ ಉಪಾಯವನ್ನೇ ಮಾಡಿದರು. ಅವಳ ಕೋಣೆಯ ಬಾಗಿಲಿಗೆ ಹೊಸ ಬೀಗ ಕೂರಿಸಿ, ಕೀಲಿ ಜೇಬಿಗೆ ಹಾಕಿಕೊಂಡು ಅಂಗಡಿಗೆ ಹೋದರು. ಮಧ್ಯಾಹ್ನ ಊಟಕ್ಕೆ ಬಂದರೆ ಬಾಗಿಲು ತೆರೆದಿತ್ತು, ನೆಲದ ಮೇಲೆ ಬಗ್ಗಿದ ಹೇರ್‌ಪಿನ್ ಬಿದ್ದಿತ್ತು. ಚಿಕ್ಕಂದಿನಲ್ಲಿ ಅಂಗಡಿಯಲ್ಲಿ ಕೂರಿಸಿಕೊಂಡು ಅವರೇ ಕಲಿಸಿದ ವಿದ್ಯೆ. ಸಂಜೆ ಅವಳು ಮನೆಗೆ ಬಂದಾಗ ಅಪ್ಪ ಕೆಂಡದಂತಿದ್ದರು. ಆದರೂ ಬಾಯಿಂದ ಬಂದದ್ದು ಇಷ್ಟೇ: "ಎಷ್ಟು ಹೊತ್ತು ಹಿಡೀತು?"

ಆಮೇಲೆ ಹುಡುಕಾಟ ಶುರುವಾಯಿತು. ಚಟ ಬಿಡಿಸುತ್ತೇವೆ ಎಂಬ ಫಲಕ ಕಂಡಲ್ಲೆಲ್ಲ ಅಪ್ಪ ಮೆಟ್ಟಿಲು ಹತ್ತಿ ಇಳಿದರು. ಒಂದು ಕಡೆ ಗಂಡಸರಿಗೆ ಮಾತ್ರ ಎಂದರು. ಇನ್ನೊಂದು ಕಡೆ, "ಹೆಂಗಸರಿಗೂ ಈ ಚಟ ಇರುತ್ತಾ?" ಎಂದು ಅವರನ್ನೇ ಕೇಳಿದರು. ಮದುವೆ ಮಾಡಿ, ಸರಿಹೋಗ್ತಾಳೆ ಎಂದವರೂ ಸಿಕ್ಕರು. ಊರಾಚೆಯ ಕೇಂದ್ರವೊಂದರ ಯಜಮಾನ ಕಿಟಕಿಯ ಸರಳುಗಳನ್ನು ಹೆಮ್ಮೆಯಿಂದ ತೋರಿಸಿ, "ಒದ್ದು ಬಿಡಿಸ್ತೀವಿ, ಚಿಂತೆ ಬಿಡಿ," ಎಂದ.

"ಬೀಗ ಹಾಕೋದು ನಂಗೂ ಬರುತ್ತೆ ಸ್ವಾಮಿ," ಎಂದು ಅಪ್ಪ ಎದ್ದು ಬಂದರು.

ಕೊನೆಗೆ ದೊಡ್ಡಾಸ್ಪತ್ರೆಯಲ್ಲಿ ಒಂದು ವಾರ್ಡು ಸಿಕ್ಕಿತು. ಹೆಂಗಸರಿಗೆಂದು ಅಲ್ಲಿ ನಾಲ್ಕೇ ಹಾಸಿಗೆ, ಯಾವುದೂ ಖಾಲಿಯಿರಲಿಲ್ಲ. ಅಲ್ಲಿನ ಡಾಕ್ಟರಮ್ಮ ಸರದಿಗೆ ಹೆಸರು ಬರೆದುಕೊಂಡು, "ಅಲ್ಲೀವರೆಗೆ ನೀವು ಗುರುವಾರ ಗುರುವಾರ ಬನ್ನಿ. ಮನೆಯವರಿಗೆ ಅಂತಲೇ ಮೀಟಿಂಗ್ ಮಾಡ್ತೀವಿ," ಎಂದರು.

ಅಕ್ಕನಿಗೆ ರೇಗಿತ್ತು. "ಚಟ ಅವಳದ್ದು, ಮೀಟಿಂಗ್ ನಿಮಗಾ?"

ಅಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತ, "ಮಗಳನ್ನ ಹೇಗೆ ಬೆಳೆಸಿದ್ರಿ ಅಂತ ಅಲ್ಲಿ ಯಾರೂ ಕೇಳಲ್ಲ ಕಣಮ್ಮ," ಎಂದಿದ್ದರು.

*

"ಗಾಡಿ ಮೊದಲು ಆಸ್ಪತ್ರೆಗೆ ಹೋಗ್ಲಿ," ಎಂದಳು ಅಕ್ಕ.

ಶವವಾಹನದ ಡ್ರೈವರ್ ಕಿವಿ ಕೆರೆದುಕೊಂಡ. "ಆಸ್ಪತ್ರೆಯಿಂದ ಮಸಣಕ್ಕೆ ಎಷ್ಟೋ ಸಲ ಹೋಗಿದ್ದೀನಮ್ಮ. ಹೆಣ ಹಾಕ್ಕೊಂಡು ಆಸ್ಪತ್ರೆಗೆ ಹೋಗ್ತಿರೋದು ಇದೇ ಮೊದಲು."

"ತಲೆಗಿಲೆ ಕೆಟ್ಟಿದ್ಯಾ ನಿಂಗೆ?" ಸೋದರತ್ತೆ ಅಡ್ಡ ಬಂದರು. "ನಮ್ಮಣ್ಣನ್ನ ಊರು ಸುತ್ತಿಸ್ತೀಯಾ? ನೋಡಿದವರು ಏನಂದಾರು?"

"ಇಲ್ಲೇ ಬಿಟ್ಟು ಹೋದ್ರೆ ಅವಳು ಸಂಜೆಗೆ ಸಿಗಲ್ಲ. ಬೇರೆಯವರ ಜೊತೆ ಕಳಿಸಿದ್ರೆ ದಾರೀಲಿ ಇಳಿದು ಹೋಗ್ತಾಳೆ. ಅಪ್ಪನ್ನ ಬಿಟ್ಟು ಬರಲ್ಲ ಅಂತಾಳೆ. ನಾನೊಬ್ಳು ಎಷ್ಟು ಕಡೆ ಸಾಯ್ಲಿ ಅತ್ತೆ?"

ಸೋದರತ್ತೆ ಗೊಣಗುತ್ತಲೇ ಎಲ್ಲರಿಗಿಂತ ಮೊದಲು ಗಾಡಿ ಹತ್ತಿದರು.

ಆಸ್ಪತ್ರೆಯ ಗೇಟಿನಲ್ಲಿ ಕಾವಲುಗಾರ ಕೋಲು ಅಡ್ಡ ಹಿಡಿದ. "ಹೆಣ ತಗೊಂಡು ಹೋಗೋ ಗೇಟು ಹಿಂದ್ಗಡೆ."

"ತಗೊಂಡು ಹೋಗೋಕಲ್ಲ, ತಂದಿರೋದು," ಎಂದ ಡ್ರೈವರ್.

"ಸತ್ತವರನ್ನ ಸೇರಿಸ್ಕೊಳ್ಳಲ್ಲ ಇಲ್ಲಿ."

"ಬದುಕಿರೋಳೂ ಒಬ್ಳಿದ್ದಾಳೆ, ಕಣ್ಣು ಬಿಟ್ಟು ನೋಡಪ್ಪ," ಎಂದು ಸೋದರತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿದರು. ಕೋಲು ಕೆಳಗಿಳಿಯಿತು.

ವಾರ್ಡಿನ ಗುಮಾಸ್ತ ಗಡಿಯಾರ ನೋಡಿ ಹುಬ್ಬು ಗಂಟಿಕ್ಕಿದ. "ಹೆಸರು ಬರೆಸಿದ್ದು ತಂದೆ. ಸಹಿ ಅವರೇ ಮಾಡ್ಬೇಕು. ಎಲ್ಲಿ ಅವರು?"

"ಹೊರಗೆ ಗಾಡೀಲಿದ್ದಾರೆ."

"ಕರೀರಿ ಮತ್ತೆ. ನಾನು ಊಟಕ್ಕೆ ಬೇರೆ ಹೋಗ್ಬೇಕು."

"ಎದ್ದು ಬರೋ ಹಾಗಿಲ್ಲ," ಎಂದಳು ಅಕ್ಕ.

ಗುಮಾಸ್ತ ಬೇಸರದಿಂದ ಕಿಟಕಿಯಾಚೆ ಇಣುಕಿದ. ಶವವಾಹನ ನಿಂತಿತ್ತು. ಮತ್ತೆ ಬಂದು ಕೂತು, ಕಾಗದವನ್ನು ಅಕ್ಕನ ಕಡೆಗೆ ತಿರುಗಿಸಿ, ಪೆನ್ನಿನ ಮುಚ್ಚಳ ತಾನೇ ತೆಗೆದುಕೊಟ್ಟ.

ತಂಗಿ ಒಮ್ಮೆ ಗಾಡಿಯ ಬಳಿಗೆ ಬಂದಳು. ಬಟ್ಟೆಯ ಅಂಚು ಸರಿಸಿ ಅಪ್ಪನ ಬೆರಳು ಹಿಡಿದಳು. ತೊಳೆದಿದ್ದರೂ ಉಗುರಿನ ಸಂದಿಯಲ್ಲಿ ಕಬ್ಬಿಣದ ಕಪ್ಪು ಉಳಿದಿತ್ತು.

"ಬರ್ತೀನಿ ಅಪ್ಪ."

ಅವಳು ಹೊರಟಾಗ ಸೋದರತ್ತೆಯ ಕಣ್ಣು ಅವಳ ಕಾಲಿನ ಮೇಲೆ ಬಿತ್ತು. "ಬರಿಗಾಲಲ್ಲೇ ಬಂದಿದ್ದೀಯಲ್ಲೇ. ಆಸ್ಪತ್ರೆ ನೆಲ, ಯಾರ್ಯಾರು ಏನೇನು ಚೆಲ್ಲಿರ್ತಾರೋ." ತಮ್ಮ ಚಪ್ಪಲಿ ಬಿಟ್ಟು, ಕಾಲಿನಿಂದಲೇ ಅವಳತ್ತ ತಳ್ಳಿದರು. "ಹಾಕ್ಕೋ. ಹೊಸದು. ಕಳೆದುಹಾಕಿದ್ರೆ ನೋಡು."

ಚಪ್ಪಲಿ ಅವಳ ಅಳತೆಗೆ ದೊಡ್ಡದು. ಪಟಪಟ ಸದ್ದು ಮಾಡುತ್ತ ಅವಳು ನರ್ಸಿನ ಹಿಂದೆ ಒಳಗೆ ಹೋದಳು.

ಮಸಣದ ಗೇಟಿನಿಂದ ಗುಂಡಿಯವರೆಗೆ ಜಲ್ಲಿಯ ದಾರಿ, ಬಿಸಿಲಿಗೆ ಕಾದಿತ್ತು. ನಾಲ್ವರು ಅಪ್ಪನನ್ನು ಹೊತ್ತು ಮುಂದೆ ನಡೆದರು. ಅಕ್ಕ ತನ್ನ ಚಪ್ಪಲಿ ಬಿಟ್ಟುಕೊಡಲು ಬಗ್ಗಿದರೆ ಸೋದರತ್ತೆ ಅವಳ ಕೈ ತಳ್ಳಿದರು. ಒಂದು ಕಾಲು ಊರಿ ಇನ್ನೊಂದನ್ನು ಸರಕ್ಕನೆ ಎತ್ತುತ್ತ, ಜಲ್ಲಿ ಸುರಿದವರನ್ನೂ ಬಿಸಿಲನ್ನೂ ಅಣ್ಣನನ್ನೂ ಸೇರಿಸಿ ಬೈಯುತ್ತ, ಹೆಣದ ಹಿಂದೆ ಅವರು ಬರಿಗಾಲಲ್ಲಿ ನಡೆಯುತ್ತಿದ್ದರು.