ಮಾವನವರ ಬಲಗಾಲು

ಎಂಟು ತಿಂಗಳಲ್ಲಿ ಮಾವನವರ ಬೈಕಿಗೆ ಇದು ಮೂರನೇ ಬ್ಯಾಟರಿ. ಮೂರನ್ನೂ ಹಾಕಿದವನು ನಾನೇ, ಇಪ್ಪತ್ತು ವರ್ಷದಿಂದ ಬೈಕ್ ರಿಪೇರಿಯಲ್ಲೇ ಕೈ ಕಪ್ಪು ಮಾಡಿಕೊಂಡಿರುವ ಅವರ ಅಳಿಯ. ಅದೂ ಸತ್ತಿತೆಂದು ಬೆಳಿಗ್ಗೆ ಬೈಕ್ ತಳ್ಳಿಕೊಂಡು ಬಂದು, ಗಿರಾಕಿಗಳಿಗೆಲ್ಲ ಕೇಳುವಂತೆ ಹೇಳಿದರು:

"ಅಳಿಯಂದ್ರೇ, ಸಂಜೆಯೊಳಗೆ ಸರಿಹೋಗ್ಲಿಲ್ಲ ಅಂದ್ರೆ ಎದುರುಗಡೆ ಮೀಸೆಗೆ ಕೊಡ್ತೀನಿ. ಬೇಜಾರು ಮಾಡ್ಕೋಬೇಡಿ."

ಊರೆಲ್ಲ ಮೀಸೆ ಎಂದೇ ಕರೆಯುವ ಮೆಕ್ಯಾನಿಕನ ಗ್ಯಾರೇಜು ರಸ್ತೆಯಾಚೆ, ನನ್ನ ಬಾಗಿಲಿಗೆ ನೇರ ಎದುರಿಗೇ ಇದೆ. ಸ್ವಂತ ಮಾವನೇ ಅಲ್ಲಿಗೆ ಬೈಕ್ ಕೊಟ್ಟರೆ, ಆಮೇಲೆ ಊರಿನವರು ನನ್ನ ಕೈಗೆ ಪಂಕ್ಚರನ್ನಾದರೂ ಕೊಡುತ್ತಾರೆಯೇ?

ಬ್ಯಾಟರಿಯನ್ನು ಮಧ್ಯಾಹ್ನದವರೆಗೆ ಚಾರ್ಜಿಗಿಟ್ಟು, ಮೀಟರ್ ಹಿಡಿದು ಕೂತೆ. ಎಂಜಿನ್ ಜೋರು ಮಾಡಿದರೆ ಹದಿನಾಲ್ಕು ವೋಲ್ಟ್ ಚಿಲ್ಲರೆ ತೋರಿಸುತ್ತದೆ, ಇರಬೇಕಾದದ್ದೇ ಅಷ್ಟು. ಕಾಯಿಲ್ ನೋಡಿದೆ, ಚೆನ್ನಾಗಿದೆ. ರೆಕ್ಟಿಫೈಯರ್ ಚೆನ್ನಾಗಿದೆ. ಕೀ ತೆಗೆದ ಮೇಲೆ ಕರೆಂಟ್ ಎಲ್ಲೂ ಸೋರುತ್ತಿಲ್ಲ. ಬೈಯಲು ಒಂದು ವೈರ್ ಕೂಡ ಸಿಗಲಿಲ್ಲವಲ್ಲ ಎಂದು ಮೈಯೆಲ್ಲ ಉರಿದುಹೋಯಿತು.

ಕೊನೆಗೆ, "ಮಾವ, ನೀವು ದಿನಾ ಓಡಿಸೋ ಹಾಗೇ ಓಡಿಸಿ, ನಾನು ನನ್ನ ಬೈಕಲ್ಲಿ ಹಿಂದೆ ಬರ್ತೀನಿ" ಎಂದೆ.

ಟಾಪ್ ಗೇರಿನಲ್ಲಿ, ಇಪ್ಪತ್ತರ ಸ್ಪೀಡಿನಲ್ಲಿ, ಮಾವ ಮೆರವಣಿಗೆ ಹೊರಟರು. ಬೀದಿ ಖಾಲಿ, ಅಡ್ಡ ಬರಲು ಒಂದು ನಾಯಿಯೂ ಇರಲಿಲ್ಲ. ಆದರೂ ಬೈಕಿನ ಹಿಂದಿನ ಬ್ರೇಕ್ ಲೈಟ್ ಗ್ಯಾರೇಜಿನಿಂದ ಅಂಚೆಕಚೇರಿಯವರೆಗೆ ಕೆಂಪಗೆ ಉರಿಯುತ್ತಲೇ ಇತ್ತು. ನಿಲ್ಲಿಸಿ ಹಿಂದಿನ ಬ್ರೇಕ್ ಡ್ರಮ್ ಮುಟ್ಟಿದೆ, ಕೈ ಚುರುಕ್ಕೆಂದಿತು.

"ಮಾವ, ಬ್ರೇಕ್ ಮೇಲೆ ಕಾಲಿಟ್ಕೊಂಡೇ ಓಡಿಸ್ತೀರಾ?"

"ಇನ್ನೆಲ್ಲಿಡ್ಲಿ, ತಲೆ ಮೇಲಾ? ಮೂವತ್ತು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿದೀನಿ. ಬಲಗಾಲು ಬ್ರೇಕ್ ಬಿಟ್ಟು ಕದಲಬಾರದು ಅಂತ ಊರಿಗೆಲ್ಲ ಕಲಿಸಿದವನು ನಾನು."

ನಿಧಾನಕ್ಕೆ ಓಡಿಸಿದರೆ ಕರೆಂಟ್ ಹುಟ್ಟುವುದೇ ಕಡಿಮೆ, ಹುಟ್ಟಿದ್ದನ್ನೆಲ್ಲ ಹಗಲಲ್ಲೂ ಉರಿಯುವ ಹೆಡ್‌ಲೈಟು, ಬ್ರೇಕ್ ಲೈಟು ಸೇರಿ ತಿಂದುಬಿಡುತ್ತವೆ, ಬ್ಯಾಟರಿಗೆ ಉಪವಾಸವೇ ಗತಿ ಎಂದು ಆದಷ್ಟು ವಿನಯದಿಂದ ಹೇಳಿದೆ. ಅವರಿಗೆ ಕೋಪ ಬಂತು.

"ಹಾಗಿದ್ರೆ ನೀವು ಮುಂದೆ ಹೋಗಿ. ಸರಿಯಾಗಿ ಓಡಿಸೋದು ಹೇಗೆ ಅಂತ ನಾನೂ ನೋಡ್ತೀನಿ."

ನನ್ನ ಬೈಕನ್ನು ಠೀವಿಯಿಂದ ತಿರುವಿನವರೆಗೆ ಓಡಿಸಿ ಹಿಂತಿರುಗಿ ನೋಡಿದರೆ, ಮಾವ ಬೈಕ್ ನಿಲ್ಲಿಸಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ. ನನ್ನ ಬ್ರೇಕ್ ಲೈಟೂ ಕೆಂಪಗೆ ಉರಿಯುತ್ತಿತ್ತಂತೆ! ನಾನು ಕಲಿತದ್ದೂ ಅವರ ಸ್ಕೂಲಿನಲ್ಲೇ. ಅವರ ಮಗಳು ಅಲ್ಲೇ ಕೂತು ಫಾರಂ ತುಂಬಿಸುತ್ತಿದ್ದಳು, ನನ್ನ ಕಾಲು ಎಲ್ಲಿದೆಯೆಂದು ನಾನೆಲ್ಲಿ ನೋಡಿದ್ದೆ? ನನ್ನ ಬೈಕೂ ವರ್ಷಕ್ಕೊಂದು ಬ್ಯಾಟರಿ ನುಂಗುತ್ತಿತ್ತು, ನಾನು ಕಂಪನಿಯವರಿಗೆ ಶಾಪ ಹಾಕುತ್ತಿದ್ದೆ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

ಮಾವನ ನಗು ಇದ್ದಕ್ಕಿದ್ದಂತೆ ನಿಂತುಹೋಯಿತು. "ಎಷ್ಟು ಜನಕ್ಕೆ ಕಲಿಸಿಬಿಟ್ಟಿದೀನಲ್ಲ" ಎಂದು ಗೊಣಗಿ, ಬೈಕ್ ತಿರುಗಿಸಿ ಹೊರಟೇಬಿಟ್ಟರು. ನಾನು ಹಿಂದೆಯೇ ಬಂದು ತಲುಪುವಷ್ಟರಲ್ಲಿ ಅವರ ಬೈಕ್ ಮೀಸೆಯ ಗ್ಯಾರೇಜಿನೊಳಗೆ ನಿಂತಿತ್ತು. ನನ್ನ ಗಿರಾಕಿಗಳೆಲ್ಲ ಎದ್ದು ನಿಂತು ನೋಡುತ್ತಿದ್ದರು. ನನ್ನ ಕಥೆ ಮುಗಿಯಿತು ಎಂದುಕೊಂಡೆ.

"ಲೋ ಮೀಸೆ, ನಿನಗೂ ನಾನೇ ಅಲ್ವೇನೋ ಕಲಿಸಿದ್ದು?" ಮಾವನ ಗಂಟಲು ಈ ಬದಿಗೂ ಕೇಳಿಸಿತು.

"ಹೌದು ಸಾರ್. ಬೈಕ್ ಇಲ್ಲೇ ಇರ್ಲಿ, ನೋಡ್ತೀನಿ."

"ಬೈಕ್ ಕೊಡೋಕೆ ಬಂದಿಲ್ಲ ಕಣಯ್ಯ. ನಾನು ತಪ್ಪು ಕಲಿಸಿದೀನಿ, ಅದನ್ನ ಹೇಳೋಕೆ ಬಂದೆ. ಎದುರುಗಡೆ ನಮ್ಮಳಿಯ ಇದಾರೆ. ಹೋಗು, ಕಾಲು ಎಲ್ಲಿಡ್ಬೇಕು ಅಂತ ಹೇಳ್ಕೊಡ್ತಾರೆ."

ನಾನು ಸರಸರ ಒಳಗೆ ಹೋದೆ. ಕಣ್ಣೊರೆಸಿಕೊಳ್ಳಲು ಗ್ರೀಸ್ ಮೆತ್ತದ ಒಂದು ಬಟ್ಟೆಗಾಗಿ ಇಡೀ ಗ್ಯಾರೇಜು ತಡಕಾಡಿದೆ.