ಗುಡಿಸು

ಕೆಳಗಿನ ದರ್ಜಿಯ ಹೊಲಿಗೆ ಯಂತ್ರ ಥಟ್ಟನೆ ನಿಂತಾಗ ಅವನಿಗೆ ಅದು ಕಂಡಿತು, ಪರದೆಯ ನಡುವೆ ಚುಕ್ಕಿಚುಕ್ಕಿಯ ಒಂದು ಸೊನ್ನೆ, ಅದರ ತಲೆಯ ಮೇಲೊಂದು ಗುಡಿಸು, ಒಳಗೆ ಅಕ್ಷರವಿಲ್ಲ, ನೂಲು ಕಿತ್ತುಹೋದ ಗುಂಡಿಯ ಹಾಗೆ — ಇದೆಲ್ಲಿಂದ ಬಂತು, ಈಗ ತಾನೇ ಇರಲಿಲ್ಲ, ಈಗ ತಾನೇ ಅಂದರೆ ಚಹಾ ಆರುವ ಮೊದಲು, ಅಕ್ಕನ ಚೀಟಿ ಅಳಿಸುವ ಮೊದಲು. ಚೀಟಿ ಕಾಗದದ್ದಲ್ಲ, ಕಾದಂಬರಿ ಬರೆಯಲೆಂದೇ ಮಾಡಿದ ಈ ಸಾಫ್ಟ್‌ವೇರಿನಲ್ಲಿ ಒಂದೊಂದು ಪಾತ್ರಕ್ಕೆ ಒಂದೊಂದು ಚೀಟಿ, ಹಲಗೆಗೆ ಚುಚ್ಚಿದ ಹಾಗೆ ಸಾಲಾಗಿ ನಿಂತಿರುತ್ತವೆ, ವಯಸ್ಸು, ಚಹರೆ, ಏನು ಬೇಕು, ಏನು ಕಂಡರೆ ಭಯ, ಎಷ್ಟು ಕಡೆ ಬರುತ್ತಾರೆ. ಇದನ್ನು ಹಾಕಿಕೊಟ್ಟವನು ಆಫೀಸಿನ ಪಕ್ಕದ ಮೇಜಿನವನು, ಔಷಧಿ ಡಬ್ಬಿಯೊಳಗೆ ಮಡಿಸಿಡುವ ಹಾಳೆಗಳ ಕರಡು ತಿದ್ದುವುದರಲ್ಲಿ ಇವನ ಜೊತೆಗಾರ, ಕಾದಂಬರಿ ಅಂದ್ರೆ ದೊಡ್ಡ ಸಂಸಾರ ಕಣಯ್ಯ, ತಲೆಯಲ್ಲಿಟ್ಟು ಸಾಕೋಕಾಗಲ್ಲ, ಇದರಲ್ಲಿ ಕಟ್ಟಿಹಾಕು, ಎಂದವನದೇ ಮೂರು ಕಾದಂಬರಿಗಳ ನಕ್ಷೆ ಸಿದ್ಧವಿದೆ, ಒಂದು ಸಾಲೂ ಬರೆದಿಲ್ಲ, ಕೊಟ್ಟಿಗೆ ಕಟ್ಟಿದ್ದೇ ಬಂತು, ಹಸು ಬರಲಿಲ್ಲ ಎಂದು ತಾನೇ ನಗುತ್ತಾನೆ. ಇವನ ಹಸು ಬಂದಿತ್ತು, ಹದಿನಾಲ್ಕು ಅಧ್ಯಾಯ, ನಾನೂರ ಹನ್ನೆರಡು ಕಡೆ ಅಕ್ಕ, ಏನು ಬೇಕು ಎಂಬ ಖಾನೆಯಲ್ಲಿ ಮಾತ್ರ ಗೊತ್ತಿಲ್ಲ ಎಂದು ಬರೆದಿದ್ದ — ಈಗ ಗೊತ್ತು, ಅವಳಿಗೆ ಬೇಕಾದದ್ದು ಈ ಪುಸ್ತಕದಲ್ಲಿ ಇಲ್ಲದಿರುವುದು. ಅವನೇ ಕಳಿಸಿದ್ದ, ಓದು ಅಕ್ಕ, ಇಡೀ ಪುಸ್ತಕ ನೀನೇ, ಎರಡು ದಿನ ಬಿಟ್ಟು ಫೋನು ಬಂತು, ಬಸ್ ನಿಲ್ದಾಣದ್ದೂ ಬರೆದಿದ್ದೀಯ, ಹೂಂ, ಯಾರಿಗೂ ಹೇಳಲ್ಲ ಅಂದಿದ್ದೆಯಲ್ಲೋ, ಹೇಳಲಿಲ್ಲ ಅಕ್ಕ, ಬರೆದೆ ಅಷ್ಟೇ, ಬರೆಯೋದು ಅಂದ್ರೆ ಊರಿಗೆಲ್ಲ ಹೇಳೋದು ಕಣೋ ಪೆದ್ದ, ಹೆಸರು ಹಾಕಿಲ್ಲ ಅಂದ್ರೇನು, ನಿನಗೆಷ್ಟು ಜನ ಅಕ್ಕಂದಿರಿದ್ದಾರೆ, ಅವಳ ಮನೆಯ ಕುಕ್ಕರಿನ ಒಂದು ಸೀಟಿ, ಎರಡು, ನಾನಿಲ್ಲದ ಪುಸ್ತಕ ಕಳಿಸು, ಆಮೇಲೆ ಮಾತಾಡೋಣ. ಆ ಆಮೇಲೆಗೆ ಎಂಟು ತಿಂಗಳು. ಅದಕ್ಕೂ ಮುಂಚೆ ಭಾನುವಾರ ಹತ್ತು ಗಂಟೆ ಎಂದರೆ ಅವಳ ಫೋನು, ಅಪ್ಪ ಅಮ್ಮ ಹೋದ ಮೇಲೆ ಒಂದು ವಾರವೂ ತಪ್ಪಿರಲಿಲ್ಲ, ತಿಂದೆಯಾ, ಹಾಸಿಗೆ ಹೊದಿಕೆ ಒಗೆದೆಯಾ, ಸುಳ್ಳು ಹೇಳಬೇಡ, ಇಲ್ಲಿಗೇ ವಾಸನೆ ಬರ್ತಿದೆ. ಈಗ ಭಾನುವಾರದ ಮೊದಲ ಮಾತು ಮೆಟ್ಟಿಲ ಬಳಿಯ ದರ್ಜಿಯದು, ಏನ್ ಸಾರ್, ಇವತ್ತೂ ಒಳಗೇನಾ, ಮೊಟ್ಟೆಗೆ ಕಾವು ಕೊಡ್ತಿದ್ದೀರಾ, ಅದಕ್ಕೆ ಉತ್ತರ ಹೇಳಲು ಎರಡು ಸಲ ಕೆಮ್ಮಬೇಕು, ಶುಕ್ರವಾರ ಸಂಜೆಯಿಂದ ಬಳಸದ ಗಂಟಲು.

ಅಳಿಸು ಎಂದು ಒತ್ತಿದಾಗ ಅದು ಕೇಳಿತ್ತು, ಹೆಸರನ್ನು ಹಸ್ತಪ್ರತಿಯಿಂದಲೂ ತೆಗೆಯಬೇಕೇ, ಹೌದು, ನಾನೂರ ಮೂವತ್ತೊಂದು ಕಡೆ ತೆಗೆಯಲಾಗಿದೆ — ಹತ್ತೊಂಬತ್ತು ಹೆಚ್ಚು, ಮಿಲಿಗ್ರಾಮಿನ ಒಂದು ಚುಕ್ಕಿ ಆಚೀಚೆಯಾದರೆ ಹಿಡಿಯುವ ಕಣ್ಣು ಇದನ್ನು ಹಿಡಿಯಲಿಲ್ಲ. ಈಗ ಒಂದೊಂದೇ ಸಿಗುತ್ತಿವೆ, ಅಕ್ಕರೆಯಿಂದ ತಲೆ ಸವರಿದಳು ಎಂದಿದ್ದದ್ದು ರೆಯಿಂದ ತಲೆ ಸವರಿದಳು, ಅಕ್ಕಪಕ್ಕದವರಿಗೆ ತಿಳಿಯಲಿಲ್ಲ ಎಂದಿದ್ದದ್ದು ಪಕ್ಕದವರಿಗೆ ತಿಳಿಯಲಿಲ್ಲ, ಪಕ್ಕದವರಿಗೆ ಯಾವಾಗಲೂ ಏನೂ ಆಗುವುದಿಲ್ಲ, ಹಾಗೇ ಉಳಿದುಕೊಳ್ಳುತ್ತಾರೆ, ಮತ್ತೆ ಈ ಸೊನ್ನೆ, ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿ ◌ಿ ಆರಿಸಲು ಕೂತಳು. ಅಕ್ಕಿ. ಅಕ್ಕಿಯೊಳಗೆ ಅಕ್ಕ ಇದ್ದಾಳೆಂದು ಮೂವತ್ತೊಂದು ವರ್ಷ ತಿಳಿಯಲೇ ಇಲ್ಲ. ಅವನಿಗೆ ಒಂಬತ್ತು ಆ ದಿನ, ಅವಳಿಗೆ ಇಪ್ಪತ್ತು, ಗೆಳತಿ ಮನೆಗೆ ಹೋಗಿಬರ್ತೀವಿ ಎಂದು ಅಮ್ಮನಿಗೆ ಹೇಳಿ ಇವನ ಕೈಹಿಡಿದು ಹೊರಟವಳ ಇನ್ನೊಂದು ಕೈಯಲ್ಲಿ ಪೆಟ್ಟಿಗೆ, ಒಬ್ಬರು ಬರ್ತಾರೆ, ಬಂದ ಮೇಲೆ ನೀನು ನೇರ ಮನೆಗೆ ಹೋಗಬೇಕು, ದಾರಿ ಗೊತ್ತಲ್ಲ, ಗೊತ್ತು, ನಾಲ್ಕನೆಯ ಬೆಂಚು, ಬಸ್ಸು ಬರುತ್ತಿವೆ, ಹೋಗುತ್ತಿವೆ, ಪ್ರತಿ ಬಸ್ಸಿಗೂ ಅವಳು ಅರ್ಧ ಏಳುತ್ತಾಳೆ, ಅರ್ಧ ಕೂರುತ್ತಾಳೆ, ಹನ್ನೊಂದನೆಯ ಬಸ್ಸಿಗೆ ಏಳಲಿಲ್ಲ, ನಡಿ, ಯಾರಿಗೂ ಹೇಳಬೇಡ. ಮನೆಗೆ ಬಂದು ಸೀರೆಯನ್ನೂ ಬದಲಿಸದೆ ಮೊರ ಎಳೆದುಕೊಂಡು ಕೂತಳು, ಕಲ್ಲಿಲ್ಲದ ಕಡೆಯೂ ಬೆರಳಾಡಿಸುತ್ತ. ಹೆಸರು ಹೋದರೂ ಅವಳು ಹೋಗಿಲ್ಲ, ಕೂತಳು, ತಳ್ಳಿದಳು, ಬಾಗಿಲು ತೆಗೆದಳು, ನಕ್ಕಳು, ಪ್ರತಿ ಕ್ರಿಯಾಪದದ ಬಾಲದಲ್ಲೂ ಕೂತಿದ್ದಾಳೆ, ಈ ಭಾಷೆಯಲ್ಲಿ ಹೆಂಗಸನ್ನು ಅಳಿಸಬೇಕಾದರೆ ಅವಳು ಮಾಡಿದ ಕೆಲಸವನ್ನೆಲ್ಲ ಅಳಿಸಬೇಕು. ಇಷ್ಟನ್ನೇ ಕಳಿಸಿದರೆ ಅವಳು ಮೊದಲ ಪುಟದಲ್ಲೇ ಹಿಡಿಯುತ್ತಾಳೆ, ಕಾಗುಣಿತ ಕಲಿಸಿದವಳು, ಕೈಯಲ್ಲಿ ಪೊರಕೆ ಹಿಡಿದೇ ಕಲಿಸಿದವಳು, ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಏನೋ, ಕಿ ಅಕ್ಕ, ಹೂಂ, ಕಿ ಸರಿ, ಈಗ ಗುಡಿಸು ಅಂದೆನಲ್ಲ, ತಗೋ ಪೊರಕೆ, ಅವಳ ನಗು, ನಡುವೆ ಮಾತ್ರ ಗುಡಿಸಿದರೆ ಅದು ಗುಡಿಸಿದ್ದಲ್ಲ ಕಣೋ, ನೆಂಟರಿಗೆ ತೋರಿಸಿದ್ದು, ಮೂಲೆ ನೋಡು ಮೂಲೆ.

ಯಂತ್ರ ಮತ್ತೆ ಹೊರಟಿದೆ ಕೆಳಗೆ, ಉದ್ದನೆಯ ಹೊಲಿಗೆ, ಪರದೆಯ ಮೇಲಂಚಿನಲ್ಲಿ ಹಿಂದಕ್ಕೆ ಬಾಗಿದ ಪುಟ್ಟ ಬಾಣ, ಒಮ್ಮೆ ಒತ್ತಿದರೆ ನಾನೂರ ಮೂವತ್ತೊಂದೂ ವಾಪಸು, ರೆಗೆ ಅಕ್ಕ, ಪಕ್ಕಕ್ಕೆ ಅಕ್ಕ, ಬರೆಯುತ್ತ ಕೂತ ಆರು ವರ್ಷದ ಭಾನುವಾರಗಳು ವಾಪಸು, ಅವಳ ಹತ್ತು ಗಂಟೆ ಮಾತ್ರ ಬರುವುದಿಲ್ಲ. ಅವನು ಬಾಣದ ಬಳಿ ಹೋದ, ಬಂದ, ಅರ್ಧ ಏಳುವುದು, ಅರ್ಧ ಕೂರುವುದು. ಆಮೇಲೆ ಹದಿನಾಲ್ಕನೆಯ ಅಧ್ಯಾಯವನ್ನು ಬುಟ್ಟಿಗೆ ಎಳೆದ, ಹದಿಮೂರು, ಹನ್ನೆರಡು, ಹಿಂದಿನಿಂದ ಗುಡಿಸುತ್ತ ಬಂದ, ಒಂದೊಂದಕ್ಕೂ ಅದು ಖಚಿತವೇ ಎಂದು ಕೇಳಿತು, ಒಂದೊಂದಕ್ಕೂ ಹೌದೆಂದ, ಬಸ್ ನಿಲ್ದಾಣವನ್ನು ಕೊನೆಗಿಟ್ಟುಕೊಂಡು ಅದನ್ನೂ ಪ್ಯಾರಾ ಪ್ಯಾರಾ ಅಳಿಸಿದ, ಬೆಂಚು ಹೋಯಿತು, ಹನ್ನೊಂದು ಬಸ್ಸುಗಳೂ ಹೋದವು, ಒಂದು ಸಾಲು ಉಳಿಯಿತು, ಇರಲಿ, ಆಮೇಲೆ. ಬುಟ್ಟಿ ಖಾಲಿ ಮಾಡಿದ. ಬಾಣ ಬೂದು ಬಣ್ಣಕ್ಕೆ ತಿರುಗಿತು. ಫೋನು ತೆಗೆದು ಬರೆದ, ಅಕ್ಕ, ಗುಡಿಸಿದೆ, ಕಳಿಸಿದ ಮೇಲೆ ಹೊಳೆಯಿತು, ಅವನು ಬರೆದದ್ದರಲ್ಲೆಲ್ಲ ಅಕ್ಕ ಎಂಬ ಪದ ಈಗ ಉಳಿದಿರುವುದು ಅದೊಂದೇ ಕಡೆ. ಚಹಾದ ಮೇಲೆ ಕೆನೆ. ಹತ್ತು ದಾಟಿ ಎಷ್ಟೋ ಹೊತ್ತಾಗಿತ್ತು, ಇವತ್ತೂ ಇಲ್ಲ, ಇನ್ನು ಅವಳು ನೋಡುವುದೇ ಇಲ್ಲ, ಎನ್ನುವಷ್ಟರಲ್ಲಿ ಫೋನು ಮೇಜಿನ ಮೇಲೆ ಒಮ್ಮೆ ನಡುಗಿತು, ಎಂಟು ತಿಂಗಳ ನಂತರ, ಒಂದೇ ಪದ, ಮೂಲೆ?

ಅವನು ನಕ್ಕುಬಿಟ್ಟ, ಗಂಟಲು ಕೆಮ್ಮದೆಯೇ ನಕ್ಕಿತು, ಆಮೇಲೆ ಪರದೆಯತ್ತ ತಿರುಗಿದ, ಖಾಲಿ ಹಾಳೆ, ಎಡ ಮೂಲೆಯಲ್ಲಿ ಆ ಸಾಲು, ಪೆಟ್ಟಿಗೆ ಮಂಚದ ಕೆಳಗೆ, ಯಾರೂ ಇಲ್ಲದೆ ಕೂತಳು, ಬೆರಳು ಅಳಿಸುವ ಕೀಲಿಯ ಮೇಲೆ, ಒತ್ತಬೇಕು, ಒತ್ತುತ್ತೇನೆ ಅಕ್ಕ, ಇದೊಂದೇ, ಇದೊಂದು — ಚುಕ್ಕಿಚುಕ್ಕಿಯ ಸೊನ್ನೆ, ಒಳಗೆ ಅಕ್ಷರವಿಲ್ಲ, ತಲೆಯ ಮೇಲೆ ಗುಡಿಸು